ಕೊಡೆಪ್ಪ ಕಡಲಿಗೆ ಇಳಿದದ್ದು

ಕೊಡೆ ರಿಪೇರಿಯ ಆ ಅಂಗಡಿ ಎಷ್ಟು ಕಿರಿದೆಂದರೆ, ಒಳಗೆ ಒಂದು ಕೊಡೆ ಬಿಚ್ಚಿದರೆ ಯಜಮಾನ ಹೊರಗೆ ಬರಬೇಕು, ಯಜಮಾನ ಒಳಗೆ ಹೋಗಬೇಕಾದರೆ ಕೊಡೆ ಮುಚ್ಚಬೇಕು. ಚಪ್ಪಲಿ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ, ಇಬ್ಬರೂ ಹೋಗಲಿ ಪಾಪ ಎಂದು ಸ್ವಲ್ಪ ಸ್ವಲ್ಪ ಸರಿದು ಜಾಗ ಕೊಟ್ಟ ಹಾಗೆ, ಅದು ಮೂವತ್ತು ವರ್ಷದಿಂದ ಸಿಕ್ಕಿಕೊಂಡಿತ್ತು. ಮೇಲಿನ ಬೋರ್ಡಿನಲ್ಲಿ ಮೊದಲು ‘ಕೊಡೆ ರಿಪೇರಿ’ ಎಂದೇ ಇತ್ತು. ಬರೆದವನು ಎರಡನೆಯ ಮಾತಿಗೆ ಬರುವಷ್ಟರಲ್ಲಿ ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದನೋ ಏನೋ, ಐದು ವರ್ಷದಲ್ಲಿ ‘ರಿಪೇರಿ’ ತೊಳೆದುಹೋಗಿ ‘ಕೊಡೆ’ ಮಾತ್ರ ಗಟ್ಟಿಯಾಗಿ ಉಳಿಯಿತು.

ಅದು ಅಂಗಡಿಯ ಹೆಸರೋ ಯಜಮಾನನ ಸ್ವಭಾವದ ವರ್ಣನೆಯೋ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಏಕೆಂದರೆ ಬೀದಿಯವರೆಲ್ಲ ‘ಕೊಡಲ್ಲ’ ಎನ್ನುವ ಕಡೆ ಇವನೊಬ್ಬ, ಸಾಕಿ ಬೆಳೆಸಿದ ಅಜ್ಜಿಯ ಬಾಯಿಂದ ಹಾಗೇ ಇಳಿದುಬಂದಂತೆ, ‘ಕೊಡೆ’ ಎನ್ನುತ್ತಿದ್ದ. ಅಜ್ಜಿ ಹೋದ ಮೇಲೆ ಅವಳ ಬೇರೆ ಮಾತುಗಳೆಲ್ಲ ಮರೆತುಹೋದವು, ಈ ಒಂದು ನಕಾರ ಮಾತ್ರ ಉಳಿಯಿತು. ಅದನ್ನು ಬಳಸುವ ಸಂದರ್ಭವನ್ನೂ ಅವನ ಕಸುಬು ದಿನಕ್ಕೆ ನಾಲ್ಕು ಸಲ ಒದಗಿಸುತ್ತಿತ್ತು. ಹೊಲಿದು ಮುಗಿಸಿದ ಕೊಡೆಯನ್ನು ಅವನು ಸುಮ್ಮನೆ ಗಿರಾಕಿಯ ಕೈಗೆ ಹಾಕಿದವನಲ್ಲ. ಬೀದಿಗಿಳಿದು ಕೊಡೆ ಬಿಚ್ಚಬೇಕು. ಬೀಗದವನು ಸ್ಟೂಲು ಹತ್ತಿ ಗಿಡಕ್ಕೆ ನೀರುಣಿಸುವ ಝಾರಿಯಿಂದ ಮೇಲೆ ನೀರು ಸುರಿಯಬೇಕು. ಇವನು ಕೆಳಗೆ ನಿಂತು ನೂರರವರೆಗೆ ಎಣಿಸಬೇಕು. ಬೋಳುತಲೆಯ ಮೇಲೆ ಒಂದೇ ಒಂದು ಹನಿ ಬಿತ್ತೋ, ಗಿರಾಕಿ ಕೋರ್ಟಿಗೇ ಹೊರಟಿರಲಿ, ಹೆರಿಗೆ ಆಸ್ಪತ್ರೆಗೇ ಹೊರಟಿರಲಿ, ಉತ್ತರ ಒಂದೇ: ಕೊಡೆ. ಸೋರುವ ಕೊಡೆ ಹಿಡಿದುಕೊಂಡು ಹೋಗುವುದಕ್ಕಿಂತ ನೆನೆದುಕೊಂಡು ಹೋಗುವುದು ಮರ್ಯಾದೆ ಎಂದು ಅವನ ವಾದ. ಸೋರಿಕೆ ಹಿಡಿಯುವುದಕ್ಕೆ ತನ್ನ ತಲೆಯಷ್ಟು ನಿಖರವಾದ ಯಂತ್ರ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ ಎಂದು ಅವನ ನಂಬಿಕೆ. ಕೂದಲು ಉದುರಿದ್ದಕ್ಕೆ ಇಷ್ಟು ಹೆಮ್ಮೆಪಟ್ಟ ಗಂಡಸು ಇನ್ನೊಬ್ಬ ಸಿಗಲಾರ. ಹೀಗಾಗಿ ಬೀದಿ ಅವನಿಗಿಟ್ಟ ಹೆಸರು ಕೊಡೆಪ್ಪ.

ಕೊಡೆಪ್ಪನಿಗೆ ಒಬ್ಬಳೇ ಮಗಳು. ಆರು ವರ್ಷದವಳಿದ್ದಾಗ ಶಾಲೆಯ ಆಟೋಟದ ದಿನ ಮೈದಾನದಲ್ಲಿ ಒಂದು ಬೆಳಗ್ಗೆ ನಿಂತು ಬಂದವಳ ಮುಖ, ತೋಳು, ಕತ್ತು ಎಲ್ಲ ಬೆಂದ ಹಾಗೆ ಬೊಬ್ಬೆ ಎದ್ದು, ಮೂರು ದಿನ ಜ್ವರ. ಚರ್ಮದ ಡಾಕ್ಟರು ನೋಡಿ, ಕೆಲವರಿಗೆ ಕಡಲೆಕಾಯಿ ಆಗಿಬರೋದಿಲ್ಲ, ಕೆಲವರಿಗೆ ಧೂಳು ಆಗಿಬರೋದಿಲ್ಲ, ಈ ಮಗುವಿಗೆ ಬಿಸಿಲು ಆಗಿಬರೋದಿಲ್ಲ ಎಂದರು. ಔಷಧಿ ಬರೆದುಕೊಟ್ಟು, ನಿಜವಾದ ಔಷಧಿ ನೆರಳು ಎಂದೂ ಸೇರಿಸಿದರು. ಬೇರೆ ಅಪ್ಪಂದಿರಾಗಿದ್ದರೆ ಕುಗ್ಗುತ್ತಿದ್ದರೇನೋ. ಕೊಡೆಪ್ಪ ಡಾಕ್ಟರ ಮೇಜಿನಾಚೆ ಸ್ವಲ್ಪ ನೆಟ್ಟಗೆ ಕೂತ. ಲೋಕದಲ್ಲಿ ಅಷ್ಟು ಕಾಯಿಲೆಗಳಿರುವಾಗ ತನ್ನ ಮಗಳಿಗೆ ಬಂದದ್ದು ತನ್ನ ಕಸುಬಿನ ವ್ಯಾಪ್ತಿಗೇ ಬರುವ ಕಾಯಿಲೆ. ಆವತ್ತೇ ಸಂಜೆ ಎರಡು ಪದರದ ದಪ್ಪ ಬಟ್ಟೆಯ ಪುಟ್ಟ ಕೊಡೆಯೊಂದು ತಯಾರಾಯಿತು.

ಅಲ್ಲಿಂದ ವರ್ಷಕ್ಕೊಂದು. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಗೀಟೆಳೆಯುತ್ತಾರೆ. ಈ ಮನೆಯಲ್ಲಿ ಅಟ್ಟದ ಮೇಲೆ ಕೊಡೆಗಳ ಸಾಲು ಉದ್ದವಾಗುತ್ತಾ ಹೋಯಿತು. ಶಾಲೆಗೆ ಅವನೇ ಹಿಡಿದುಕೊಂಡು ಕರೆದೊಯ್ಯುತ್ತಿದ್ದ, ಅವನೇ ಹಿಡಿದುಕೊಂಡು ವಾಪಸು ಕರೆತರುತ್ತಿದ್ದ. ಸಹಪಾಠಿಗಳು ಅವಳಿಗೆ ‘ಅಣಬೆ’ ಎಂದು ಹೆಸರಿಟ್ಟರು. ಹೆಡ್‌ಮಾಸ್ಟರ ಹತ್ತಿರ ಹೋಗಿ ಒಂದು ಕೈ ನೋಡಿಯೇ ಬಿಡುತ್ತೇನೆಂದು ಕೊಡೆಪ್ಪ ಅಂಗಿ ತೊಡುವಷ್ಟರಲ್ಲಿ, ಮಗಳು ಬಿಳಿ ಬಣ್ಣ ತೆಗೆದುಕೊಂಡು ಕೊಡೆಯ ಮೇಲೆ ತಟ್ಟೆಯಷ್ಟಗಲದ ಅಣಬೆಯ ಚಿತ್ರ ಬರೆದು ಮುಗಿಸಿದ್ದಳು. ಹತ್ತು ವರ್ಷದ ಹುಡುಗಿ. ಈಗ ಹೇಳಲಿ, ನೋಡಿಕೊಂಡೇ ಹೇಳಲಿ ಎಂದಳಂತೆ. ಹೆಸರು ಎರಡು ವಾರದಲ್ಲಿ ಸತ್ತುಹೋಯಿತು. ಅಣಬೆ ಮಾತ್ರ ಆಮೇಲಿನ ಪ್ರತಿಯೊಂದು ಕೊಡೆಯ ಮೇಲೂ ಮುಂದುವರಿಯಿತು.

ಈಗ ಅವಳಿಗೆ ಇಪ್ಪತ್ತೆಂಟು. ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ಒಂದು ಕಿರಣಕ್ಕೆ ಹೆದರಿ ಇನ್ನೊಂದು ಕಿರಣದ ಮನೆಗೆ ಸೊಸೆಯಾಗಿ ಹೋದಳು ಎಂದು ಅವಳ ಅಮ್ಮ ಹೇಳುವುದುಂಟು. ಆ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ ಮೂರು ಮಾತಿನದು: ಸಮಯ, ದೂರ, ತಡೆ. ಕಿರಣದ ಎದುರು ಎಷ್ಟು ಹೊತ್ತು ನಿಂತೆ, ಎಷ್ಟು ದೂರ ನಿಂತೆ, ನಡುವೆ ಏನಿಟ್ಟುಕೊಂಡೆ. ಅವಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಲಿಲ್ಲ, ತನ್ನ ಜೀವನಚರಿತ್ರೆಯನ್ನು ಯಾರೋ ಚಿಕ್ಕದಾಗಿ ಬರೆದಿಟ್ಟ ಹಾಗೆ ಓದಿಕೊಂಡಳು. ಕೊಡೆಪ್ಪನಿಗೆ ಮಾತ್ರ ಮೂರರಲ್ಲಿ ಒಂದೇ ನೆನಪಿತ್ತು, ಕೊನೆಯದು. ಉಳಿದೆರಡು ಕೊಡೆ ಇಲ್ಲದವರ ಪಾಡು ಎಂದುಕೊಂಡಿದ್ದ. ಮಗಳು ಕೆಲಸಕ್ಕೆ ಸೇರಿದ ಮೇಲೂ ಬಸ್ ಸ್ಟಾಪಿನವರೆಗೆ ಕೊಡೆ ಹಿಡಿಯುವವನು ಅವನೇ. ತಾನೇ ಹಿಡಿದುಕೊಳ್ಳುತ್ತೇನೆಂದು ಅವಳು ಕೈ ಚಾಚಿದರೆ, ಆ ಅಜ್ಜಿಯ ಮಾತು ಸಿದ್ಧವಾಗಿರುತ್ತಿತ್ತು.

ಎಕ್ಸ್-ರೇ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. ಯಾವುದೋ ದ್ವೀಪ, ಬಿಳಿ ಮರಳು, ತೆಂಗಿನ ಮರ, ನಡುಮಧ್ಯಾಹ್ನದ ನೀಲಿ ಸಮುದ್ರ. ರೋಗಿಗಳು ಅಲುಗಾಡದಿರಲಿ ಎಂದು ಅಂಟಿಸಿದ್ದು. ಆರು ವರ್ಷದಿಂದ ದಿನಕ್ಕೆ ನಲವತ್ತು ಸಲ ಅವಳು ಹೇಳುತ್ತಾ ಬಂದಿದ್ದಳು: ಸಮುದ್ರ ನೋಡಿ, ಉಸಿರು ಬಿಗಿಹಿಡೀರಿ. ಆಮೇಲೆ ಒಳಗೆ ಹೋಗಿ ಗುಂಡಿ ಒತ್ತಿ, ಬಿಡಿ ಎನ್ನುವುದು. ಒಂದು ದಿನ ಮೊಣಕಾಲು ನೋವಿನ ಮುದುಕಿಯೊಬ್ಬಳು ಉಸಿರು ಬಿಟ್ಟ ಮೇಲೆ, ಚೆನ್ನಾಗಿದೆ, ನೀನು ಹೋಗಿದ್ದೀಯೇನಮ್ಮ ಅಲ್ಲಿಗೆ ಎಂದು ಕೇಳಿದಳು. ಮೊಣಕಾಲಿಗೆ ಉಸಿರು ಬಿಗಿಹಿಡಿಯುವ ಅಗತ್ಯವೇ ಇಲ್ಲ ಎಂದು ಆಗ ಮಗಳಿಗೆ ಹೊಳೆಯಿತು. ಇಷ್ಟು ದಿನ ಉಸಿರು ಬಿಗಿಹಿಡಿದಿದ್ದದ್ದು ರೋಗಿಗಳಲ್ಲ, ತಾನು ಎಂದೂ ಹೊಳೆಯಿತು.

ಸಂಜೆ ಮನೆಗೆ ಬಂದು, ಅಂಥದೇ ಒಂದು ದ್ವೀಪಕ್ಕೆ ಹೋಗುತ್ತೇನೆ, ಮೂರು ದಿನ, ಅಪ್ಪನೂ ಬರಲಿ ಎಂದಳು. ಅಮ್ಮನನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಬಕೆಟ್ಟಿನ ನೀರು ಅಲುಗಾಡಿದರೆ ತಲೆ ಸುತ್ತುವ ಹೆಂಗಸು ಆಕೆ. ವಿಷಯ ತಿಳಿದು ಅತ್ತೆ, ಅಂದರೆ ಕೊಡೆಪ್ಪನ ಅಕ್ಕ, ಎರಡು ಬಸ್ ಬದಲಾಯಿಸಿ ಬಂದರು. ಅವರು ನಿವೃತ್ತ ನರ್ಸು. ಮನೆತನದ ಎಲ್ಲರ ಮೈಮೇಲೂ ತಮಗೆ ಇಲಾಖೆಯ ಅಧಿಕಾರವಿದೆ ಎಂದು ತಿಳಿದವರು. ಮಂಜುಗಡ್ಡೆಗೆ ಒಲೆ ತೋರಿಸೋಕೆ ಕರ್ಕೊಂಡು ಹೋಗ್ತೀಯಾ ಎಂದು ತಮ್ಮನನ್ನು ದಬಾಯಿಸಿದರು. ತಮ್ಮನಿಗೂ ಅಳುಕಿತ್ತು. ಬೆಳಗ್ಗೆ ಬೇಗ, ಸಂಜೆ ತಡವಾಗಿ ನೋಡಿಕೊಂಡು ಬಂದರಾಯಿತಲ್ಲ ಎಂದು ರಾಜಿಗೆ ನಿಂತ.

“ಬೆಳಗ್ಗೆ ಸಂಜೆ ಎಲ್ಲ ನೋಡಿ ಆಗಿದೆ ಅಪ್ಪ,” ಎಂದಳು ಮಗಳು. “ಇಪ್ಪತ್ತೆರಡು ವರ್ಷದಿಂದ ಬಾವಲಿ ಹಾಗೆ ಅದೇ ಎರಡು ಹೊತ್ತು ನೋಡ್ತಿದ್ದೀನಿ. ನಂಗೆ ಹನ್ನೆರಡು ಗಂಟೆಯ ಸಮುದ್ರ ಬೇಕು. ಒಳಗೆ ಇಳೀಬೇಕು.”

ಡಾಕ್ಟರನ್ನು ಕೇಳಿಬಂದಿದ್ದಳು. ಮೈತುಂಬ ಬಟ್ಟೆ, ಮುಖಕ್ಕೆ ಲೇಪ, ಮೇಲೆ ಗಟ್ಟಿ ನೆರಳು, ನೀರಿನಲ್ಲಿ ಹನ್ನೆರಡು ನಿಮಿಷ, ಅದಕ್ಕೆ ಮೇಲೆ ಒಂದು ನಿಮಿಷವೂ ಬೇಡ ಎಂದಿದ್ದರಂತೆ. ಅತ್ತೆ, ಆ ಡಾಕ್ಟರಿಗೆ ಎಷ್ಟು ವಯಸ್ಸು ಎಂದು ವಿಚಾರಿಸಿದರು. ಕೊಡೆಪ್ಪ ಎದ್ದುಹೋದ. ಮಾರನೆಯ ದಿನ ಅಂಗಡಿಗೆ ದಪ್ಪ ಬಟ್ಟೆಯ ಎರಡು ಥಾನು ಬಂದವು. ಅಕ್ಕನಿಗೆ ಅವನು ಕೊಟ್ಟ ಉತ್ತರ ಆ ಬಟ್ಟೆಯೇ.

ಎರಡು ವಾರ ಅವನು ಗಿರಾಕಿಗಳನ್ನು ತಿರುಗಿ ನೋಡಲಿಲ್ಲ. ಹದಿನಾರು ಕಡ್ಡಿ, ಎರಡು ತುಂಡಾಗಿ ಬಿಚ್ಚುವ ಉಕ್ಕಿನ ಕಂಬ, ಎರಡು ಪದರ ಬಟ್ಟೆ, ಅಂಚಿನಿಂದ ಒಂದು ಮೊಳ ಕೆಳಗಿಳಿಯುವ ಝಾಲರಿ. ಬಿಚ್ಚಿದರೆ ಚಪ್ಪಲಿ ಅಂಗಡಿಯವನಿಗೂ ಬೀಗದವನಿಗೂ ಸೇರಿ ಕತ್ತಲಾಗುತ್ತಿತ್ತು. ಮಗಳು ಬಂದು ಸುತ್ತ ನೋಡಿ, ನೆತ್ತಿಯಲ್ಲಿ ಗಾಳಿಕಿಂಡಿ ಇಡಬೇಕು, ಸಮುದ್ರದ ಗಾಳಿ ಕೆಳಗಿಂದ ನುಗ್ಗಿದರೆ ಹೋಗುವುದಕ್ಕೆ ದಾರಿ ಬೇಕಲ್ಲ ಎಂದಳು. ಕೊಡೆಪ್ಪನಿಗೆ ಎಲ್ಲಿಲ್ಲದ ಅವಮಾನವಾಯಿತು.

“ತೂತು ಮುಚ್ಚೋದು ನನ್ನ ಕಸುಬು,” ಎಂದ. “ತೂತು ಮಾಡೋದಲ್ಲ.”

ದೊಡ್ಡ ಕೊಡೆಗಳಿಗೆಲ್ಲ ಕಿಂಡಿ ಇರುತ್ತದೆ ಎಂದು ಅವನಿಗೂ ಗೊತ್ತಿತ್ತು. ಅವನ್ನು ಮಾಡಿದವರಿಗೆ ಹೊಲಿಗೆಯ ಮೇಲೆ ವಿಶ್ವಾಸವಿರಲಿಲ್ಲ ಎಂದು ಅದಕ್ಕೆ ಅರ್ಥ ಹೇಳಿದ. ಝಾರಿಯ ಪರೀಕ್ಷೆಯಲ್ಲಿ ಬೋಳುತಲೆ ಒಂದು ಹನಿಯನ್ನೂ ಕಾಣಲಿಲ್ಲ. ಮಗಳು ಅದರ ಮೇಲೆ ಎಂದಿನ ಅಣಬೆ ಬರೆದಳು.

ಹೊರಡುವ ದಿನ ಅಮ್ಮ ಒಂದೇ ಮಾತು ಹೇಳಿದ್ದು. ನೀವು ಮುಳುಗಿದ್ರೆ ಹೇಗಾದ್ರೂ ಎದ್ದು ಬರ್ತೀರಿ, ನೆರಳು ಮುಳುಗದ ಹಾಗೆ ನೋಡ್ಕೊಳ್ಳಿ. ಬಸ್ಸಿನಲ್ಲಿ, ಆಮೇಲೆ ದೋಣಿಯಲ್ಲಿ, ಕೊಡೆಪ್ಪ ಆ ಆಳುದ್ದದ ಕಟ್ಟನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಬಲದವರ ಪಕ್ಕೆಗೆ ತಿವಿಯುತ್ತಾ, ತೋಪು ಸಾಗಿಸುವ ಸೇನಾಪತಿಯ ಗಾಂಭೀರ್ಯದಲ್ಲಿ ಕೂತಿದ್ದ. ಕುತ್ತಿಗೆಯಲ್ಲಿ ಎಂದಿನಂತೆ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ ತೂಗುತ್ತಿತ್ತು. ರಜೆಗೆ ಹೋಗುವಾಗ ಅದೇಕೆ ಎಂದರೆ, ಅದು ಆಭರಣ ಎಂದ.

ರೆಸಾರ್ಟಿನಲ್ಲಿ ಅವರಿಗೆ ಸಿಕ್ಕ ಕೋಣೆಯ ಕಿಟಕಿಗೆ ಜನರೇಟರ್ ಮನೆಯ ಬೆನ್ನು ಕಾಣುತ್ತಿತ್ತು. ಎರಡು ಮಂಚ, ಒಂದು ಕುರ್ಚಿ, ಶಂಖದ ಆಕಾರದ ಸೋಪು. ಪರದೆ ತೆಳುವಾಗಿತ್ತೆಂದು ಮಗಳು ಮೊದಲು ಮಾಡಿದ ಕೆಲಸ ಒಂದು ಹೊದಿಕೆಯನ್ನು ಪಿನ್ನು ಚುಚ್ಚಿ ಕಿಟಕಿಗೆ ತೂಗುಹಾಕಿದ್ದು. ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಇಬ್ಬರೂ ದಂಡೆಗೆ ನಡೆದರು. ಮಗಳು ತಲೆಯಿಂದ ಕಾಲಿನವರೆಗೆ ಬಟ್ಟೆಯಲ್ಲಿ, ಅಪ್ಪ ಅವಳ ಮೇಲೆ ಚಿಕ್ಕ ಕೊಡೆ ಹಿಡಿದು, ಹೆಗಲ ಮೇಲೆ ದೊಡ್ಡದನ್ನು ಹೊತ್ತು.

ದಂಡೆಯ ಮೇಲೆ ಬಿಳಿ ಕೊಡೆಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಕೊಡೆಪ್ಪ ಒಂದರ ಕೆಳಗೆ ಅಂಗೈ ಒಡ್ಡಿ ನೋಡಿದ. ಬೆರಳಿನ ನೆರಳು ಮರಳಿನ ಮೇಲೆ ಬಿತ್ತು, ನೆರಳಿನೊಳಗೆ ನೆರಳು. ಬಿಸಿಲು ಬಟ್ಟೆಯನ್ನು ಕೇಳದೆಯೇ ಒಳಗೆ ಬರುತ್ತಿದೆ ಎಂದಾಯಿತು. ಇದು ಕೊಡೆಯಲ್ಲ, ಟೀ ಸೋಸುವ ಬಟ್ಟೆ ಎಂದು ತೀರ್ಪು ಕೊಟ್ಟು, ತನ್ನದನ್ನು ನೆಡಲು ಜಾಗ ಹುಡುಕುತ್ತಿರುವಾಗ ಪೀಪಿ ಕೇಳಿಸಿತು.

ಊದಿದವನು ದಂಡೆಯ ಮೇಲ್ವಿಚಾರಕ. ಬಿಳಿ ಟೋಪಿ, ಬಿಳಿ ಚಡ್ಡಿ, ಎದೆಯ ಮೇಲೆ ಬಿಲ್ಲೆ. ಸಮುದ್ರ ಹಿಂದೆ ಮುಂದೆ ಹೋಗುವುದು ತನ್ನ ಅಪ್ಪಣೆಯಿಂದಲೇ ಎನ್ನುವ ಮುಖ. ಅವನ ಬಾಯಲ್ಲಿ ಪೀಪಿ ಇಲ್ಲದಿದ್ದಾಗ ಮಾತು ಇರುತ್ತಿತ್ತು, ಎರಡೂ ಒಂದೇ ಶ್ರುತಿಯಲ್ಲಿ. ಮಗಳು ಅವನಿಗೆ ಆಗಲೇ ಪೀಪಿ ಸಾಹೇಬ ಎಂದು ಹೆಸರಿಟ್ಟಳು. ಸಾಹೇಬ ಆ ಕಟ್ಟನ್ನು ತೋರಿಸಿ, ಏನಿದು ಎಂದು ಕೇಳಿದ.

“ಕೊಡೆ,” ಎಂದ ಕೊಡೆಪ್ಪ.

“ಹೊರಗಿನ ಕೊಡೆ ಇಲ್ಲಿ ನಡೆಯಲ್ಲ. ಆಫೀಸಲ್ಲಿಟ್ಟು ಚೀಟಿ ಕೊಡ್ತೀವಿ. ಕೊಡಿ.”

“ಕೊಡೆ.”

“ಹೌದು, ಕೊಡೇನೇ. ಕೊಡಿ.”

“ಕೊಡೆ ಅಂದ್ನಲ್ಲ.”

“ನಾನೂ ಅದನ್ನೇ ಕೇಳ್ತಿರೋದು ಸ್ವಾಮಿ.”

ಇದು ಹೀಗೇ ಸಂಜೆಯವರೆಗೆ ನಡೆಯಬಹುದಿತ್ತು. ಸುತ್ತ ಕುರ್ಚಿಗಳಲ್ಲಿ ಮಲಗಿದ್ದವರು ಕಪ್ಪು ಕನ್ನಡಕ ಎತ್ತಿ ನೋಡತೊಡಗಿದರು. ಮಗಳು ನಡುವೆ ಬಂದು, ನಿಯಮ ಎಲ್ಲಿ ಬರೆದಿದೆ ಎಂದು ಕೇಳಿದಳು. ಬೋರ್ಡು ಅಲ್ಲೇ ಇತ್ತು: ‘ದಂಡೆಯ ಮರಳಿನಲ್ಲಿ ಹೊರಗಿನ ಕೊಡೆಗಳನ್ನು ನೆಡುವಂತಿಲ್ಲ.’ ನೋಟ ಒಂದೇ ಥರ ಇರಬೇಕು, ಅತಿಥಿಗಳ ಫೋಟೋ ಚೆನ್ನಾಗಿ ಬರಬೇಕು, ಅದಕ್ಕೆ ಎಂದು ಸಾಹೇಬ ವಿವರಿಸಿದ. ತನಗೆ ಬಿಸಿಲು ಆಗುವುದಿಲ್ಲ, ಆ ಬಿಳಿ ಬಟ್ಟೆ ಸಾಲುವುದಿಲ್ಲ ಎಂದು ಅವಳೂ ವಿವರಿಸಿದಳು. ಹಾಗಿದ್ದರೆ ಐದು ಗಂಟೆಯ ಮೇಲೆ ಬನ್ನಿ, ತುಂಬ ಸೊಗಸಾಗಿರುತ್ತದೆ ಎಂದು ಅವನು ನಿಜವಾದ ಕಳಕಳಿಯಿಂದಲೇ ಹೇಳಿದ. ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಹೇಳಿದ್ದು ಅದನ್ನೇ, ಅಷ್ಟೇ ಕಳಕಳಿಯಿಂದ.

“ನೆಡಲ್ಲ,” ಎಂದಳು ಮಗಳು. “ಅಪ್ಪ ಹಿಡ್ಕೊಂಡಿರ್ತಾರೆ.”

ಕೊಡೆಪ್ಪ ಹಿಡಿದುಕೊಂಡ. ಕಂಬದ ತುದಿ ಮರಳಿಗೆ ತಾಗದಂತೆ ಒಂದು ಗೇಣು ಎತ್ತಿ, ಧ್ವಜ ಹಿಡಿದವನ ಹಾಗೆ, ಅರ್ಧ ಗಂಟೆ. ಸಾಹೇಬ ಬಗ್ಗಿ ಬಗ್ಗಿ ಆ ಗೇಣನ್ನು ಪರೀಕ್ಷಿಸುತ್ತಿದ್ದ. ಆದರೆ ಅವರಿಗೆ ನಿಲ್ಲಲು ಸಿಕ್ಕಿದ್ದು ಕುರ್ಚಿಗಳ ಹಿಂದಿನ ಸಾಲು. ಅಲ್ಲಿಂದ ಮಗಳಿಗೆ ಕಂಡ ಸಮುದ್ರ, ಯಾರದೋ ಎರಡು ಅಂಗಾಲುಗಳ ಸಂದಿಯಲ್ಲಿ ಒಂದು ಅಂಗುಲ ನೀಲಿ. ಆಸ್ಪತ್ರೆಯ ಗೋಡೆಯ ಮೇಲೆ ಇದಕ್ಕಿಂತ ಜಾಸ್ತಿ ಇತ್ತು.

ಎರಡನೆಯ ದಿನ ಹೋಗಿ ನೋಡಿದರೆ ಬೋರ್ಡಿನಲ್ಲಿ ಹೊಸ ಸಾಲು. ‘ಹಿಡಿದು ನಿಲ್ಲುವಂತೆಯೂ ಇಲ್ಲ.’ ಬಣ್ಣ ಇನ್ನೂ ಆರಿರಲಿಲ್ಲ. ಕೊಡೆಪ್ಪನ ಬೆರಳಿಗೆ ಅಂಟಿತು. ತನ್ನೊಬ್ಬನಿಗಾಗಿ ಒಂದು ಕಾನೂನೇ ಹುಟ್ಟಿತಲ್ಲ ಎಂದು ಒಂದು ಕ್ಷಣ ಅವನಿಗೆ ಒಳಗೊಳಗೇ ಖುಷಿಯಾದದ್ದೂ ಸುಳ್ಳಲ್ಲ. ಆದರೆ ಕೋಣೆಗೆ ವಾಪಸು ಬಂದು, ಹೊದಿಕೆ ತೂಗುಬಿಟ್ಟ ಕಿಟಕಿಯ ಪಕ್ಕ ಮಗಳು ಗೋಡೆ ನೋಡುತ್ತಾ ಕೂತಾಗ ಆ ಖುಷಿ ಇಳಿಯಿತು. ತೋಳುಗಳು ಹಿಂದಿನ ದಿನದ ಅರ್ಧ ಗಂಟೆಯನ್ನು ಇನ್ನೂ ಲೆಕ್ಕ ಹೇಳುತ್ತಿದ್ದವು. ಹೋಗಲಿ ಬಿಡು ಮರಿ, ನೋಡಿದೆವು ಅಂತ ಹೇಳಿದರಾಯಿತು, ಯಾರು ಬಂದು ಕೇಳುತ್ತಾರೆ ಎಂದ. ನಿಮ್ಮತ್ತೆ ಒಬ್ಬರು ಬಿಟ್ಟರೆ ಎಂದು ಸೇರಿಸಿದ.

ಮಗಳು ತಿರುಗಿ ನೋಡಿ, “ಕೊಟ್ಬಿಟ್ಯಾ ಹಾಗಾದ್ರೆ?” ಎಂದಳು.

ಅಷ್ಟೇ ಕೇಳಿದ್ದು. ಮೂವತ್ತು ವರ್ಷದಲ್ಲಿ ಸೋರುವ ಒಂದೇ ಒಂದು ಕೊಡೆ ಕೈಬಿಟ್ಟು ಹೋಗಿದ್ದರೂ ಕೊಡೆಪ್ಪನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಅವನು ಎದ್ದು, ಚಿಕ್ಕ ಕೊಡೆ ತೆಗೆದುಕೊಂಡು, ಒಬ್ಬನೇ ಹೋಗಿ ಬೋರ್ಡಿನ ಮುಂದೆ ಪರೀಕ್ಷೆಗೆ ಓದುವವನ ಹಾಗೆ ಬಹಳ ಹೊತ್ತು ನಿಂತ. ವಾಪಸು ಬಂದಾಗ ನಡಿಗೆಯೇ ಬೇರೆಯಾಗಿತ್ತು. ಮೇಲಿನ ಸಾಲಿನಲ್ಲೂ ಕೆಳಗಿನ ಸಾಲಿನಲ್ಲೂ ಹೇಳಿರುವುದೆಲ್ಲ ದಂಡೆಯ ಮರಳಿನ ವಿಷಯ, ಮರಳು ಮುಗಿದ ಮೇಲಿನ ವಿಷಯ ಒಂದಕ್ಷರವೂ ಇಲ್ಲ ಎಂದ. ಮರಳು ತುಳಿಯದೆ ನೀರು ಸೇರುವುದು ಹೇಗೆ ಎಂದು ಮಗಳು ಕೇಳಿದಳು. ಮೊದಲ ದಿನ ಬಂದ ಹಾಗೆ ಎಂದ. ದೋಣಿಗಳು ನಿಲ್ಲುವ ಮರದ ಕಟ್ಟೆ, ಅದರ ಪಕ್ಕದಲ್ಲಿ ನೀರಿಗಿಳಿಯುವ ಎಂಟು ಮೆಟ್ಟಿಲು.

ಮೂರನೆಯ ದಿನ, ಅಂದರೆ ಕೊನೆಯ ಮಧ್ಯಾಹ್ನ, ಹನ್ನೆರಡಕ್ಕೆ ಸರಿಯಾಗಿ ಕೊಡೆಪ್ಪ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ನೀರು ಸೊಂಟದವರೆಗೆ ಬರುವಲ್ಲಿ ಆ ಮಡಿಕೆಯಿಂದ ಏನು ಪ್ರಯೋಜನವೆಂದು ಯೋಚಿಸದೆ, ಮೆಟ್ಟಿಲಿಳಿದ. ಅವನಿಗೆ ಈಜು ಬರುವುದಿಲ್ಲ. ನೀರೆಂದರೆ ಮೇಲಿಂದ ಬರುವುದು ಎಂದು ತಿಳಿದಿದ್ದವನಿಗೆ ಅದು ಕೆಳಗಿಂದ, ಪಕ್ಕದಿಂದ, ಒಂದು ಶಿಸ್ತಿಲ್ಲದೆ ಬರುತ್ತಿದ್ದದ್ದು ಸರಿಹೋಗಲಿಲ್ಲ. ಆದರೂ ಎರಡೂ ಕೈಯಿಂದ ದೊಡ್ಡ ಕೊಡೆ ಎತ್ತಿ ಬಿಚ್ಚಿದ. ನೀಲಿ ನೀರಿನ ಮೇಲೆ ದುಂಡನೆಯ ಕಪ್ಪು ನೆರಳು ಬಿತ್ತು, ಮೇಲೆ ಬಿಳಿ ಅಣಬೆ. ಮಗಳು ಒಂದೊಂದೇ ಮೆಟ್ಟಿಲಿಳಿದು ಆ ನೆರಳಿನೊಳಗೆ ಬಂದಳು. ಕೈಗಡಿಯಾರ ನೋಡಿಕೊಂಡಳು.

ಪೀಪಿ ಸಾಹೇಬ ದಂಡೆಯುದ್ದಕ್ಕೂ ಊದುತ್ತಾ ಓಡಿ ಬಂದು ನೀರಿನ ಅಂಚಿನಲ್ಲಿ ನಿಂತ. ಶೂ ನೆನೆಯಬಾರದಿತ್ತು. ಅಲ್ಲಿಂದಲೇ, ಇದು ನಿಯಮಕ್ಕೆ ವಿರುದ್ಧ ಎಂದು ಕೂಗಿದ. ಮರಳು ತುಳಿದಿದ್ದೇವೆಯೇ ಎಂದು ಕೊಡೆಪ್ಪ ಕೇಳಿದ. ನೀರಿನ ಕೆಳಗಿರುವುದೂ ಮರಳೇ ಎಂದು ಸಾಹೇಬ. ಹಾಗಿದ್ದರೆ ಬೋರ್ಡನ್ನು ಇಲ್ಲಿಗೆ ತಂದು ನೆಡಿ, ಆಮೇಲೆ ಮಾತಾಡೋಣ ಎಂದು ಕೊಡೆಪ್ಪ. ಕುರ್ಚಿಗಳಿಂದ ಒಂದಿಬ್ಬರು ಎದ್ದು ಬಂದು ಕಾಲು ನೆನೆಸಿಕೊಂಡು ನಿಂತರು. ಒಬ್ಬಾಕೆ ಚಪ್ಪಾಳೆ ತಟ್ಟಿದಳು. ಅದು ತನ್ನ ಹೊಲಿಗೆಗೆ ಬಂದ ಚಪ್ಪಾಳೆ ಎಂದುಕೊಂಡು ಕೊಡೆಪ್ಪ ಕೊಡೆಯನ್ನು ಎಲ್ಲರಿಗೂ ಕಾಣುವಂತೆ ಇನ್ನಷ್ಟು ಮೇಲಕ್ಕೆತ್ತಿದ.

ಗಾಳಿ ಕಾದಿದ್ದದ್ದು ಅದಕ್ಕೇ. ಕೆಳಗಿಂದ ನುಗ್ಗಿತು, ದಾರಿ ಹುಡುಕಿತು, ದಾರಿ ಇರಲಿಲ್ಲ. ಹದಿನಾರು ಕಡ್ಡಿಯ, ಎರಡು ಪದರದ, ಒಂದು ಹನಿಯನ್ನೂ ಒಳಗೆ ಬಿಡದ ಆ ಕೊಡೆ ಒಂದೇ ಏಟಿಗೆ ಆಕಾಶಕ್ಕೆ ಬಾಯಿ ತೆರೆದುಕೊಂಡು ಬಟ್ಟಲಾಯಿತು. ಸಾವಿರಾರು ಜನರ ಗಾಳಿಗೆ ಮಗುಚಿದ ಕೊಡೆಗಳನ್ನು ನೋಡಿ ತುಟಿಯಂಚಿನಲ್ಲಿ ನಕ್ಕವನ ಕೈಯಲ್ಲೇ. ನಡುಮಧ್ಯಾಹ್ನದ ಬಿಸಿಲು ಮಗಳ ಮೇಲೆ ಸುರಿಯಿತು. ಕೊಡೆಪ್ಪ ಕೊಡೆ ಬಿಟ್ಟು ತನ್ನ ಮೈಯನ್ನೇ ಅವಳ ಮೇಲೆ ಹೊದಿಸಲು ಹೊರಟ.

ಮಗಳು ಕಿರುಚಲಿಲ್ಲ, ಓಡಲೂ ಇಲ್ಲ. ಜೋರಾಗಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಎಣಿಸುತ್ತಲೇ ಕಂಬಕ್ಕೆ ಕೈ ಹಾಕಿ, ಕೊಡೆಯ ಬಾಯನ್ನು ಗಾಳಿಗೆ ಎದುರಾಗಿ ತಿರುಗಿಸಿದಳು. ಆರಕ್ಕೆ ಅದು ಧಬ್ಬೆಂದು ಮತ್ತೆ ಕೊಡೆಯಾಯಿತು. ಆರು ಸೆಕೆಂಡು ನನ್ನ ಖಾತೆಗೆ, ಪರವಾಗಿಲ್ಲ ಎಂದಳು. ಆಮೇಲೆ ಅಪ್ಪನ ಕುತ್ತಿಗೆಯತ್ತ ಕೈ ಚಾಚಿದಳು.

“ಕತ್ತರಿ ಕೊಡು.”

“ಕೊಡೆ,” ಎಂದ ಕೊಡೆಪ್ಪ. ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿಯೇ ಹೇಳಿತು.

“ಇನ್ನೊಂದು ಸಲ ಬೀಸೋಕೆ ಮುಂಚೆ ಹೇಳು ಅಪ್ಪ. ನಿನ್ನ ಹೊಲಿಗೆ ಬೇಕಾ, ಸಮುದ್ರ ಬೇಕಾ?”

ಅವನು ನೆತ್ತಿಯ ಬಟ್ಟೆಯನ್ನು ನೋಡಿದ. ನೀರಿನಂಚಿನಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ ಸಾಹೇಬನನ್ನು ನೋಡಿದ. ಆ ಮುಖದಲ್ಲಿ ಇದ್ದದ್ದು ತನ್ನ ಮುಖದಲ್ಲೂ ಸ್ವಲ್ಪ ಇರಬಹುದೇ ಎಂಬ ಅನುಮಾನ ಬಂದಿತೋ ಏನೋ, ಅದನ್ನು ಅವನು ಯಾರಿಗೂ ಹೇಳಿಲ್ಲ. ಕತ್ತರಿ ಕೊಡಲಿಲ್ಲ. ಕೊಡೆಯನ್ನು ಅರ್ಧ ಇಳಿಸಿ ಮಗಳನ್ನು ಅದರೊಳಗೇ ಬಗ್ಗಿಸಿ ನಿಲ್ಲಿಸಿ, ತಾನೇ ಕೈಯೆತ್ತಿ, ಕಣ್ಣು ಅರ್ಧ ಮುಚ್ಚಿಕೊಂಡು, ನೆತ್ತಿಯಲ್ಲಿ ಅಂಗೈಯಗಲ ಕತ್ತರಿಸಿದ. ಮೂವತ್ತು ವರ್ಷದಲ್ಲಿ ಅವನು ಮಾಡಿದ ಮೊದಲ ತೂತು. ಆದರೂ ಅಂಚು ದುಂಡಗೆ ಬಂದಿತ್ತು.

ಕೊಡೆ ಮತ್ತೆ ಮೇಲೆದ್ದಿತು. ಗಾಳಿ ಮತ್ತೆ ನುಗ್ಗಿತು. ಈ ಸಲ ಕಿಂಡಿಯಿಂದ ಹೊರಟುಹೋಗುತ್ತಾ ಉದ್ದಕ್ಕೆ ಒಂದು ಸಿಳ್ಳೆ ಹಾಕಿತು. ದಂಡೆಯ ಮೇಲೆ ಪೀಪಿ, ನೀರಿನ ಮೇಲೆ ಸಿಳ್ಳೆ. ನಿಂತಿದ್ದವರೆಲ್ಲ ನಕ್ಕರು. ಸಾಹೇಬ ಪೀಪಿಯನ್ನು ಬಾಯಿಂದ ತೆಗೆದು, ಅದೇನಾದರೂ ಕೆಟ್ಟಿದೆಯೇ ಎಂದು ನೋಡಿಕೊಂಡ. ಕಿಂಡಿಯಿಂದ ಇಳಿದ ಬಿಸಿಲಿನ ಬಿಲ್ಲೆ ನೆರಳಿನ ನಡುವೆ ಬಿತ್ತು. ಕೊಡೆಪ್ಪ ತಕ್ಷಣ ಒಂದು ಹೆಜ್ಜೆ ಸರಿದು ಅದಕ್ಕೆ ತನ್ನ ಬೋಳುತಲೆ ಒಡ್ಡಿದ. ಇಷ್ಟು ವರ್ಷ ಹನಿ ಹಿಡಿದ ತಲೆ, ಈಗ ಬಿಸಿಲು ಹಿಡಿಯಿತು.

ಮಗಳು ಅಷ್ಟಕ್ಕೆ ನಿಲ್ಲಲಿಲ್ಲ. ನೀನು ಹೀಗೆ ಕಿಂಡಿಗೆ ಬಿರಡೆಯ ಹಾಗೆ ನಿಂತರೆ ನಾನು ಮುಂದೆ ಹೋಗೋದು ಹೇಗೆ ಎಂದಳು. ಕಿರಣ ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆ ಎಂದು ನೋಡುವುದು ನನ್ನ ಕೆಲಸ, ತಡೆ ನಿನ್ನದು, ಸಮಯ ನನ್ನದು ಎಂದು ಹೇಳಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಂಬವನ್ನು ತನ್ನ ಹೆಗಲಿಗೆ ತೆಗೆದುಕೊಂಡಳು. ಸ್ವಲ್ಪವೇ ಓರೆ ಮಾಡಿದಳು. ಬಿಸಿಲಿನ ಬಿಲ್ಲೆ ಅವಳ ಪಕ್ಕಕ್ಕೆ ಜಾರಿ ನೀರಿನ ಮೇಲೆ ತೇಲತೊಡಗಿತು. ಅವಳು ನ‌ಡೆದಂತೆ ಅದೂ ನಡೆಯಿತು, ಸಾಕಿದ ಬೆಕ್ಕಿನ ಹಾಗೆ, ಮುಟ್ಟದೆ.

ಅವಳು ಎದೆಯವರೆಗೆ ನೀರಿರುವಲ್ಲಿಗೆ ಹೋದಳು. ಅಲ್ಲಿ ಕುರ್ಚಿ ಇರಲಿಲ್ಲ, ಯಾರ ಅಂಗಾಲೂ ಇರಲಿಲ್ಲ. ಎದುರಿಗೆ ಗೋಡೆಯ ಚಿತ್ರದಲ್ಲಿ ಇದ್ದದ್ದಕ್ಕಿಂತ ಹೆಚ್ಚು ನೀಲಿ, ಮತ್ತು ಅದು ಅಲುಗಾಡುತ್ತಿತ್ತು. ಅಲೆಯೊಂದು ಬಂದು ಅವಳನ್ನು ಎತ್ತಿ ಇಳಿಸಿತು. ಅವಳು ಏನೋ ಹೇಳಿಕೊಂಡದ್ದು ಕೊಡೆಪ್ಪನಿಗೆ ಗಾಳಿಯಲ್ಲಿ ಕೇಳಿಸಿತು. ಉಸಿರು ಬಿಗಿಹಿಡೀರಿ ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಬಿಡಿ ಎಂದಳು.

ಕೊಡೆಪ್ಪ ಎರಡೂ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನೀರಿನಲ್ಲಿ ನಿಂತಿದ್ದ. ಬಲಗೈ ಅಭ್ಯಾಸದಿಂದ ಇನ್ನೂ ಸ್ವಲ್ಪ ಮೇಲೇ ಇತ್ತು. ಕೈ ನೋಯುತ್ತೆ ಮರಿ, ಸಾಕು, ಕೊಡು ಇಲ್ಲಿ ಎಂದು ಕೂಗಿದ. ಅವಳು ಹಿಂತಿರುಗಿ ನೋಡಿದಳು. ಬೀದಿಯವರಂತೆಯೇ ಹುಟ್ಟಿದಾಗಿನಿಂದ ‘ಕೊಡಲ್ಲ’ ಎಂದೇ ಮಾತಾಡಿದ ಹುಡುಗಿ, ನಗುತ್ತಾ, ಅಪ್ಪನ ಅಜ್ಜಿಯ ಮಾತಿನಲ್ಲಿ ಉತ್ತರ ಕೊಟ್ಟಳು. ಅವಳ ಗಡಿಯಾರದಲ್ಲಿ ಇನ್ನೂ ಏಳು ನಿಮಿಷ ಬಾಕಿ ಇತ್ತು.

ದಂಡೆಯಿಂದ ಪೀಪಿ ಸಾಹೇಬ, ಈಗ ಊದದೆ, ಸೋತ ಗಂಟಲಿನಲ್ಲಿ ಕೇಳಿಕೊಂಡ. ನೀವಾದರೂ ಹೇಳಿ ಯಜಮಾನರೇ, ಅವರ ಕೈಯಿಂದ ಅದನ್ನ ಈಸ್ಕೊಳ್ಳಿ ಎಂದ.

ಕೊಡೆಪ್ಪ ಖಾಲಿ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡ. ಅವು ಅಲ್ಲಿ ಚೆನ್ನಾಗಿ ಕೂತವು.

“ಕೇಳಿದೆ ಸಾರ್,” ಎಂದ. “ಕೊಡೆ ಅಂದ್ಲು.”